ಅಡಿಕೆ ಸಿಪ್ಪೆಯಿಂದ ಸಕ್ಕರೆ: ತೆಳು ಆಸಿಡ್‌ನಲ್ಲಿ ಬೇಯಿಸುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಗಳಲ್ಲಿ ಅಡಿಕೆ ಸುಲಿತ ಮುಗಿಯುವಷ್ಟರಲ್ಲಿ ಅಂಗಳದ ಮೂಲೆಯಲ್ಲಿ ಸಿಪ್ಪೆ ಗುಡ್ಡೆ ಬಿದ್ದಿರುತ್ತದೆ. ಒಂದಿಷ್ಟು ಬಚ್ಚಲ ಒಲೆಗೆ ಹೋಗುತ್ತದೆ, ಒಂದಿಷ್ಟು ಗೊಬ್ಬರದ ಗುಂಡಿಗೆ, ಮಿಕ್ಕಿದ್ದು ರಸ್ತೆ ಬದಿಯಲ್ಲಿ ಮಳೆಗೆ ನೆನೆದು ಕೊಳೆಯುತ್ತದೆ. ಆ ಸಿಪ್ಪೆಯ ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆಯ ಅಣುಗಳೇ. ಆದರೆ ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದ ಸರಪಳಿಯಾಗಿವೆ. ಬಿಸಿ ನೀರು ಮತ್ತು ಸ್ವಲ್ಪ ಆಸಿಡ್ ಸೇರಿದರೆ ಕೊಂಡಿ ಕಳಚಿ, ಪ್ರತಿ ಕೊಂಡಿಗೂ ನೀರಿನ ಒಂದು ಅಣು ಸೇರಿ, ಬಿಡಿ ಸಕ್ಕರೆ ಹೊರಬರುತ್ತದೆ. 1819ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಹಳೇ ಲಿನನ್ ಚಿಂದಿಯನ್ನು ಗಂಧಕಾಮ್ಲದಲ್ಲಿ (ಸಲ್ಫ್ಯೂರಿಕ್ ಆಸಿಡ್) ಕರಗಿಸಿ ಸಕ್ಕರೆ ತೆಗೆದು ತೋರಿಸಿದ್ದ. ರಸಾಯನ ಅಂದಿನದೇ. ಇಂದಿಗೂ ಕಷ್ಟವಾಗಿರುವುದು ಎಲ್ಲಿಗೆ ನಿಲ್ಲಿಸಬೇಕು ಎಂಬುದು.

ಇಲ್ಲಿ ಹೇಳಿರುವ ಅಳತೆಗಳೆಲ್ಲ 50 ಗ್ರಾಂ ಸಿಪ್ಪೆ, ಅರ್ಧ ಲೀಟರ್ ಆಸಿಡ್ ನೀರಿಗೆ. ಕಾಲೇಜಿನ ಪ್ರಯೋಗಾಲಯಕ್ಕೆ, ಅಥವಾ ಗಾಜಿನ ಸಾಮಾನು, ತಕ್ಕಡಿ, ಕನ್ನಡಕ, ಕೈಗವಸು ಎಲ್ಲ ಇರುವ ಪ್ರತ್ಯೇಕ ಕೋಣೆಗೆ ಇದು ಸರಿಹೋಗುತ್ತದೆ. ಅಡುಗೆ ಮನೆಯಲ್ಲಿ ಮಾಡುವ ಕೆಲಸವಲ್ಲ. ಇದಕ್ಕೆ ಬಳಸಿದ ಕುಕ್ಕರ್, ಸೌಟು, ಜರಡಿ ಮತ್ತೆ ಅಡುಗೆಗೆ ಹೋಗಬಾರದು.

ಯಾವುದು ಕಳಚುತ್ತದೆ, ಯಾವುದು ಕಳಚುವುದಿಲ್ಲ

ನಾರಿನಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ. ಸೆಲ್ಯುಲೋಸ್ ಗ್ಲೂಕೋಸಿನ ನೇರ ಸರಪಳಿ. ಸರಪಳಿಗಳು ಒತ್ತೊತ್ತಾಗಿ ಜೋಡಿಕೊಂಡು ಹರಳಿನ ಹಾಗೆ ಗಟ್ಟಿಯಾಗಿರುವುದರಿಂದ ನೀರಿಗೂ ಆಸಿಡ್‌ಗೂ ಒಳಗೆ ನುಗ್ಗಲು ಜಾಗವಿಲ್ಲ. ಹೆಮಿಸೆಲ್ಯುಲೋಸ್ ಕವಲೊಡೆದ, ಗಿಡ್ಡ, ಸಡಿಲ ಸರಪಳಿ. ಅಡಿಕೆ ಸಿಪ್ಪೆ, ಹುಲ್ಲು, ಕಬ್ಬಿನ ಸಿಪ್ಪೆಗಳಲ್ಲಿ ಇದರ ಬೆನ್ನೆಲುಬು ಕ್ಸೈಲಾನ್. ಅದು ಬಿಡಿಯಾದರೆ ಕ್ಸೈಲೋಸ್ ಎಂಬ ಐದು ಇಂಗಾಲದ ಸಕ್ಕರೆ ಸಿಗುತ್ತದೆ. ಮೂರನೆಯದು ಲಿಗ್ನಿನ್. ಅದರಲ್ಲಿ ಸಕ್ಕರೆಯೇ ಇಲ್ಲ. ಇವೆರಡನ್ನೂ ಬಿಗಿಹಿಡಿದಿರುವ ಅಂಟು ಅದು.

ಶೇ. 1ರ ಗಂಧಕಾಮ್ಲದಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬೇಯಿಸಿದರೆ ಹೆಮಿಸೆಲ್ಯುಲೋಸಿನ ಬಹುಪಾಲು ರಸಕ್ಕಿಳಿಯುತ್ತದೆ. ಸೆಲ್ಯುಲೋಸ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅದನ್ನೂ ಇದೇ ತೆಳು ಆಸಿಡ್‌ನಲ್ಲಿ ಒಡೆಯಬೇಕೆಂದರೆ 180ರಿಂದ 220 ಡಿಗ್ರಿ ಬೇಕು. ಆ ಬಿಸಿಗೆ ಮೊದಲೇ ಹೊರಬಂದ ಕ್ಸೈಲೋಸ್ ಸುಟ್ಟು ಫರ್ಫ್ಯೂರಾಲ್ ಎಂಬ ವಿಷವಸ್ತು ಆಗಿಹೋಗುತ್ತದೆ, ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ. ಹಾಗಾಗಿ ಈ ಕ್ರಮದಲ್ಲಿ ಗುರಿ ಒಂದೇ: ಕ್ಸೈಲೋಸ್ ತೆಗೆದು ಅಲ್ಲಿಗೇ ನಿಲ್ಲಿಸುವುದು. ಉಳಿದ ಸೆಲ್ಯುಲೋಸ್ ಚರಟದಲ್ಲಿ ಭದ್ರವಾಗಿರುತ್ತದೆ. ಅದಕ್ಕೆ ಬೇರೆ ದಾರಿಯಿದೆ.

ಯಾವ ಸಿಪ್ಪೆ ತೆಗೆದುಕೊಳ್ಳಬೇಕು

ಚಾಲಿ (ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿದ್ದು) ಸುಲಿದ ಒಣ ಸಿಪ್ಪೆ ಎಲ್ಲಕ್ಕಿಂತ ಅನುಕೂಲ. ಅಡಿಕೆ ಹಣ್ಣಾಗಿ ಅಂಗಳದಲ್ಲಿ ತಿಂಗಳುಗಟ್ಟಲೆ ಒಣಗಿರುವುದರಿಂದ ನಾರು ಬಲಿತಿರುತ್ತದೆ, ತೇವ ಕಡಿಮೆ, ಪುಡಿ ಮಾಡಲು ಸುಲಭ. ಕೆಂಪಡಿಕೆಗೆ (ಹಸಿ ಕಾಯಿ ಸುಲಿದು ಬೇಯಿಸಿ ಒಣಗಿಸುವ ಅಡಿಕೆ) ಸುಲಿದ ಹಸಿ ಸಿಪ್ಪೆಯಲ್ಲಿ ನೀರೇ ಹೆಚ್ಚು, ಒಗರೂ ಹೆಚ್ಚು. ಎರಡು ದಿನ ಗುಡ್ಡೆಯಲ್ಲಿಟ್ಟರೆ ಒಳಗೆ ಕಾವು ಹುಟ್ಟಿ ಬೂಸಲು ಹಿಡಿಯುತ್ತದೆ. ಬೂಸಲು ಹಿಡಿದ ಸಿಪ್ಪೆಯನ್ನು ಬಿಟ್ಟುಬಿಡಿ. ಬೂಸಲು ಮೊದಲು ತಿನ್ನುವುದೇ ನಮಗೆ ಬೇಕಾದ ಹೆಮಿಸೆಲ್ಯುಲೋಸನ್ನು. ಹಸಿ ಸಿಪ್ಪೆಯೇ ಇರುವುದಾದರೆ ಸುಲಿದ ದಿನವೇ ತೆಳ್ಳಗೆ ಹರಡಿ ಒಣಗಿಸಿ.

ಅಡಿಕೆ ಸಿಪ್ಪೆಯ ಬಗ್ಗೆ ಪ್ರಕಟವಾದ ಅಂಕಿಗಳಲ್ಲಿ ಹೆಮಿಸೆಲ್ಯುಲೋಸ್ ಶೇ. 35ರಿಂದ 65, ಲಿಗ್ನಿನ್ 13ರಿಂದ 25 ಎಂದು ಕಾಣುತ್ತದೆ. ಇಷ್ಟು ಅಗಲದ ಅಂಕಿಯನ್ನು ನಂಬಿ ಲೆಕ್ಕ ಹಾಕಲು ಬರುವುದಿಲ್ಲ. ಕಾಯಿ ಎಷ್ಟು ಬಲಿತಿತ್ತು, ಯಾವ ವಿಧಾನದಲ್ಲಿ ಅಳೆದರು ಎಂಬುದರ ಮೇಲೆ ಎಲ್ಲ ಬದಲಾಗುತ್ತದೆ. ನಿಮ್ಮ ಸಿಪ್ಪೆಯನ್ನು ನೀವೇ ಅಳೆಯಬೇಕು, ಅದರ ಕ್ರಮ ಮುಂದೆ ಇದೆ.

ಕುಮಟಾ, ಅಂಕೋಲಾ, ಕಾರವಾರದ ಕಡೆಯವರಿಗೆ ಮೊದಲು ಕಣ್ಣಿಗೆ ಬೀಳುವುದು ತೆಂಗಿನ ಸಿಪ್ಪೆ. ಅದನ್ನು ಇದಕ್ಕೆ ಹಚ್ಚಬೇಡಿ. ತೆಂಗಿನ ನಾರಿನಲ್ಲಿ ಲಿಗ್ನಿನ್ ಶೇ. 40ರ ಆಸುಪಾಸಿನಲ್ಲಿರುತ್ತದೆ. ನಾರು ನೀರಿನಲ್ಲಿ ಕೊಳೆಯದೆ ಬಾಳುವುದೂ ಅದರಿಂದಲೇ, ಆಸಿಡ್‌ಗೆ ಬಗ್ಗದಿರುವುದೂ ಅದರಿಂದಲೇ. ಭತ್ತದ ಹುಲ್ಲು ಒಳ್ಳೆಯದು. ಆದರೆ ಅದರಲ್ಲಿ ಬೂದಿಯಂಶ ಹೆಚ್ಚು. ಬೂದಿಯಲ್ಲಿರುವ ಪೊಟ್ಯಾಸಿಯಂ, ಕ್ಯಾಲ್ಸಿಯಂ ಆಸಿಡ್‌ನ ಒಂದು ಪಾಲನ್ನು ಮೊದಲೇ ತಿಂದುಹಾಕುತ್ತವೆ. ಹಳಿಯಾಳದ ಕಡೆ ಸಿಗುವ ಕಬ್ಬಿನ ಸಿಪ್ಪೆ ಈ ಕೆಲಸಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ, ಇದೇ ಅಳತೆಗಳು ಅದಕ್ಕೂ ನಡೆಯುತ್ತವೆ. ಗೇರು ಹಣ್ಣಿಗೆ ಆಸಿಡ್ ಬೇಕೇ ಇಲ್ಲ. ಅದರ ಸಕ್ಕರೆ ಆಗಲೇ ರಸದಲ್ಲಿದೆ.

ಸಿಪ್ಪೆ ಹದ ಮಾಡುವುದು

ಒಳಗಿನ ಅಡಿಕೆಯ ಚೂರು, ತೊಟ್ಟು, ಮಣ್ಣು ಆರಿಸಿ ತೆಗೆಯಿರಿ. ಕತ್ತರಿಯಿಂದ ಬೆರಳಗಲಕ್ಕೆ ತುಂಡರಿಸಿ ಮಿಕ್ಸಿಗೆ ಹಾಕಿ. ಉದ್ದ ನಾರು ಹಾಗೇ ಹಾಕಿದರೆ ಬ್ಲೇಡಿನ ಬುಡಕ್ಕೆ ಸುತ್ತಿಕೊಂಡು ಮೋಟಾರ್ ಸುಡುತ್ತದೆ. ರವೆ ಜರಡಿಯಲ್ಲಿ ಇಳಿಯುವಷ್ಟು, ಅಂದರೆ ಒಂದರಿಂದ ಎರಡು ಮಿಲಿಮೀಟರ್ ಪುಡಿ ಸಾಕು. ತೀರ ಹಿಟ್ಟಾದರೆ ಆಮೇಲೆ ಸೋಸಲು ಆಗುವುದಿಲ್ಲ. ದಪ್ಪ ಉಳಿದರೆ ಆಸಿಡ್ ನಾರಿನ ನಡುವಿಗೆ ಹೋಗುವ ಮುನ್ನ ಹೊರಮೈ ಹೆಚ್ಚು ಬೆಂದಿರುತ್ತದೆ.

ಇನ್ನು ಒಗರು ತೆಗೆಯುವುದು. ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಆಮೇಲೆ ಲೆಕ್ಕ ತಪ್ಪುವುದೂ ಇಲ್ಲಿಂದಲೇ. ಪುಡಿಯ ಹತ್ತರಷ್ಟು ನೀರು ಹಾಕಿ 70–80 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಸೋಸಿ. ಮೊದಲ ನೀರು ಅಡಿಕೆ ಬೇಯಿಸಿದ ಚೊಗರಿನ ಬಣ್ಣಕ್ಕೆ ತಿರುಗಿರುತ್ತದೆ. ಎರಡನೆಯದು ತಿಳಿಯಾಗುತ್ತದೆ. ಮೂರನೆಯ ಸಲ ನೀರು ಬಹುತೇಕ ಬಣ್ಣವಿಲ್ಲದೆ ಬಂದರೆ ಸಾಕು. ಈ ಒಗರು, ಅಂದರೆ ಟ್ಯಾನಿನ್, ಉಳಿದರೆ ಎರಡು ತೊಂದರೆ. ಸಕ್ಕರೆ ಅಳೆಯುವ ಬೆನೆಡಿಕ್ಟ್, ಡಿಎನ್‌ಎಸ್ (ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲ) ಪರೀಕ್ಷೆಗಳು ಟ್ಯಾನಿನ್‌ಗೂ ಬಣ್ಣ ಕೊಡುತ್ತವೆ, ಇಲ್ಲದ ಸಕ್ಕರೆ ಇದ್ದಂತೆ ಕಾಣುತ್ತದೆ. ಮುಂದೆ ಆ ರಸದಲ್ಲಿ ಯೀಸ್ಟ್ ಬೆಳೆಸಲು ಹೋದರೆ ಅದೂ ಏಳುವುದಿಲ್ಲ.

ತೊಳೆದ ಪುಡಿಯನ್ನು ಮತ್ತೆ ಬಿಸಿಲಿಗೆ ಹಾಕಿ ಒಣಗಿಸಿ. ಬಿಸಿಲಲ್ಲಿ ಒಣಗಿದ್ದು ಎಂದರೆ ತೇವವಿಲ್ಲ ಎಂದರ್ಥವಲ್ಲ. ಕರಾವಳಿಯ ಗಾಳಿಯಲ್ಲಿ ಶೇ. 10ರಿಂದ 15 ತೇವ ಸದಾ ಇರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆದ್ದರಿಂದ 5 ಗ್ರಾಂ ಪುಡಿ ತೂಗಿ 105 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಡಿ. 4.4 ಗ್ರಾಂ ಉಳಿದರೆ ತೇವ ಶೇ. 12. ಆಗ 50 ಗ್ರಾಂ ಒಣ ಸಿಪ್ಪೆ ಬೇಕೆಂದರೆ 50 ಅನ್ನು 0.88ರಿಂದ ಭಾಗಿಸಿ, 56.8 ಗ್ರಾಂ ತೂಗಬೇಕು. ಓವನ್‌ನಲ್ಲಿ ಒಣಗಿಸಿದ ಆ ಚೂರನ್ನು ಬೇಯಿಸಲು ಬಳಸಬೇಡಿ. ಪೂರ್ತಿ ಒಣಗಿದ ನಾರಿನ ರಂಧ್ರಗಳು ಮುಚ್ಚಿಕೊಂಡು ಆಸಿಡ್ ಸರಿಯಾಗಿ ಹೀರುವುದಿಲ್ಲ.

ಆಸಿಡ್

ಪ್ರಯೋಗಾಲಯಕ್ಕೆ ಮಾರುವ ಶೇ. 98ರ ಗಂಧಕಾಮ್ಲವನ್ನೇ ತೆಗೆದುಕೊಳ್ಳಿ. 2013ರ ಸುಪ್ರೀಂ ಕೋರ್ಟ್ ಆದೇಶದ ನಂತರ ಆಸಿಡ್ ಚಿಲ್ಲರೆಯಾಗಿ ಕೊಳ್ಳಲು ಗುರುತಿನ ಚೀಟಿ ಕೊಡಬೇಕು, ಯಾಕೆ ಬೇಕು ಎಂದು ಹೇಳಬೇಕು. ಅಂಗಡಿಯವರು ಅದನ್ನು ಬರೆದಿಟ್ಟುಕೊಳ್ಳಬೇಕು. ಹಳೆ ಬ್ಯಾಟರಿಯಿಂದ ಬಸಿದ ಆಸಿಡ್ ಬೇಡವೇ ಬೇಡ, ಅದರಲ್ಲಿ ಸೀಸ ಕರಗಿರುತ್ತದೆ. ಶೌಚಾಲಯ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಕೂಡ ಬೇಡ. ಅದು ಬಿಸಿಗೆ ಹೊಗೆಯಾಗಿ ಮೇಲೇಳುತ್ತದೆ, ಸ್ಟೀಲನ್ನು ತೂತು ಬೀಳುವಂತೆ ತಿನ್ನುತ್ತದೆ.

ಶೇ. 1 ಎಂದರೆ ಲೀಟರಿಗೆ 10 ಗ್ರಾಂ. ಶೇ. 98ರ ಆಸಿಡ್‌ನ ಒಂದು ಮಿಲಿಲೀಟರ್ 1.84 ಗ್ರಾಂ ತೂಗುತ್ತದೆ. ಹಾಗಾಗಿ ಲೀಟರಿಗೆ 5.5 ಮಿಲಿ, ಅರ್ಧ ಲೀಟರಿಗೆ 2.8 ಮಿಲಿ. ಮೊದಲು ಬೀಕರ್‌ನಲ್ಲಿ 400 ಮಿಲಿ ತಣ್ಣೀರು ತೆಗೆದುಕೊಳ್ಳಿ. ಗಾಜಿನ ಪಿಪೆಟ್ಟಿಗೆ ರಬ್ಬರ್ ಬಲ್ಬ್ ಹಾಕಿ ಆಸಿಡ್ ಎಳೆದು, ಆ ನೀರಿಗೆ ಹನಿಹನಿಯಾಗಿ ಬಿಡುತ್ತ ಕಲಕಿ. ಆಮೇಲೆ ಒಟ್ಟು ಅರ್ಧ ಲೀಟರ್ ಆಗುವಷ್ಟು ನೀರು ಸೇರಿಸಿ. ಪಿಪೆಟ್ಟನ್ನು ಬಾಯಿಂದ ಎಳೆಯಬಾರದು. ಆಸಿಡ್ ಇರುವ ಪಾತ್ರೆಗೆ ನೀರು ಸುರಿಯಬಾರದು. ಹಾಗೆ ಸುರಿದರೆ ಮೇಲಿನ ನೀರು ಆ ಕ್ಷಣವೇ ಕುದಿದು ಆಸಿಡ್ ಸಮೇತ ಮುಖಕ್ಕೆ ಸಿಡಿಯುತ್ತದೆ.

ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ದಪ್ಪ ರಬ್ಬರ್ ಕೈಗವಸು, ಏಪ್ರನ್ ಹಾಕಿಯೇ ಬಾಟಲಿಯ ಮುಚ್ಚಳ ತೆರೆಯಿರಿ. ಆಸ್ಪತ್ರೆಯ ತೆಳು ಕೈಗವಸು ಗಟ್ಟಿ ಆಸಿಡ್ ತಡೆಯುವುದಿಲ್ಲ. ಹತ್ತಿರದಲ್ಲೇ ಹರಿಯುವ ನಲ್ಲಿ ನೀರಿರಬೇಕು. ಮೈಗೆ ಬಿದ್ದರೆ ಬಟ್ಟೆ ತೆಗೆದು 20 ನಿಮಿಷ ನೀರು ಬಿಡಿ. ಸುಣ್ಣ, ಸೋಡಾ ಹಚ್ಚಲು ಹೋಗಬೇಡಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಬೇಕು. ತೆಳು ಆಸಿಡ್ ಎಂದು ಸದರ ಬೇಡ. ಹತ್ತಿ ಬಟ್ಟೆಗೆ ಬಿದ್ದ ಒಂದು ಹನಿಯ ನೀರು ಆರಿ ಆಸಿಡ್ ಮಾತ್ರ ಉಳಿದು ಗಟ್ಟಿಯಾಗುತ್ತದೆ. ಮುಂದಿನ ಒಗೆತಕ್ಕೆ ಅಲ್ಲಿ ತೂತಿರುತ್ತದೆ. ಹತ್ತಿಯೂ ಸೆಲ್ಯುಲೋಸೇ.

ಪಾತ್ರೆ ಮತ್ತು ಬೇಯಿಸುವುದು

ಆಸಿಡ್ ನೀರನ್ನು ನೇರವಾಗಿ ಕುಕ್ಕರಿಗೆ ಸುರಿಯಬಾರದು. ಅಲ್ಯೂಮಿನಿಯಂ ಆದರೆ ಹೈಡ್ರೋಜನ್ ಗ್ಯಾಸ್ ಬಿಡುತ್ತ ಕರಗುತ್ತದೆ, ಸ್ಟೀಲ್ ಪಾತ್ರೆಯಾದರೆ ನಿಧಾನಕ್ಕೆ ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ರಸಕ್ಕಿಳಿಯುತ್ತವೆ. ಬಿಸಿ ತಡೆಯುವ ಬೋರೋಸಿಲಿಕೇಟ್ ಗಾಜಿನ ಬಾಟಲಿಯಲ್ಲಿ ಸಿಪ್ಪೆ ಮತ್ತು ಆಸಿಡ್ ನೀರು ಹಾಕಿ, ಆ ಬಾಟಲಿಯನ್ನು ಆಟೋಕ್ಲೇವಿನಲ್ಲಿ (ಆವಿಯ ಒತ್ತಡದಲ್ಲಿ ಬಿಸಿ ಮಾಡುವ ಪ್ರಯೋಗಾಲಯದ ಪಾತ್ರೆ) ಇಡಿ. ಉಪ್ಪಿನಕಾಯಿ, ಜಾಮ್ ಬಾಟಲಿಗಳು ಈ ಬಿಸಿಗೆ ಸೀಳುತ್ತವೆ. ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಮುಚ್ಚಳ ಹಾಕಿ ಅರ್ಧ ಸುತ್ತು ಸಡಿಲ ಬಿಡಿ. ಬಿಗಿ ಮಾಡಿದ ಬಾಟಲಿ ಬಾಂಬಿಗೆ ಸಮ.

ಪುಡಿ ಆಸಿಡ್ ನೀರನ್ನು ಹೀರಿಕೊಳ್ಳಲು ಅರ್ಧ ಗಂಟೆ ಬಿಟ್ಟು, ಕಲಕಿ, ಆಮೇಲೆ ಬೇಯಿಸಿ. ಒಣ ಪುಡಿ ತೇಲುತ್ತಿರುವಾಗಲೇ ಬಿಸಿಗಿಟ್ಟರೆ ಮೇಲಿನದು ಬೇಯುವುದೇ ಇಲ್ಲ.

ಆಟೋಕ್ಲೇವ್ ಇಲ್ಲದಿದ್ದರೆ ದೊಡ್ಡ ಪ್ರೆಶರ್ ಕುಕ್ಕರ್ ನಡೆಯುತ್ತದೆ. ತಳದಲ್ಲಿ ಜಾಲರಿ ತಟ್ಟೆ, ಮೂರು ನಾಲ್ಕು ಸೆಂಟಿಮೀಟರ್ ನೀರು, ಅದರ ಮೇಲೆ ಬಾಟಲಿ. ವೆಯ್ಟ್ ಹಾಕುವ ಮುನ್ನ ಐದು ನಿಮಿಷ ಆವಿ ಜೋರಾಗಿ ಹೊರಬರಲಿ. ಒಳಗೆ ಗಾಳಿ ಉಳಿದರೆ ಒತ್ತಡ ಸರಿಯಿದ್ದರೂ ಬಿಸಿ 121 ಡಿಗ್ರಿಗೆ ಏರಿರುವುದಿಲ್ಲ. ವೆಯ್ಟ್ ಎದ್ದ ಮೇಲೆ ಉರಿ ಸಣ್ಣ ಮಾಡಿ, ಸದಾ ಸಣ್ಣಗೆ ಸಿಳ್ಳೆ ಬರುವಷ್ಟು ಇಡಿ. ಅರ್ಧ ಲೀಟರ್ ಇರುವ ಬಾಟಲಿಯ ನಡುಭಾಗ ಹೊರಗಿನ ಆವಿಯಷ್ಟೇ ಬಿಸಿಯಾಗಲು ಕಾಲು ಗಂಟೆಗೂ ಹೆಚ್ಚು ಬೇಕು. ಹಾಗಾಗಿ ಅದನ್ನೇ ಎರಡು ಬಾಟಲಿಗೆ ಹಂಚಿದರೆ ಒಳ್ಳೆಯದು. ಹೊತ್ತಿನ ಲೆಕ್ಕವನ್ನು ಪ್ರತಿ ಸಲ ಒಂದೇ ರೀತಿ, ವೆಯ್ಟ್ ಎದ್ದ ಕ್ಷಣದಿಂದ ಹಿಡಿಯಿರಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಆಸಿಡ್‌ನ ಬಲ, ಬಿಸಿ, ಹೊತ್ತು ಮೂರೂ ಒಂದಕ್ಕೊಂದು ಬದಲಿಯಾಗಿ ನಡೆಯುತ್ತವೆ. ಬಿಸಿ ಹತ್ತು ಡಿಗ್ರಿ ಏರಿದರೆ ಹೊತ್ತು ಅರ್ಧ ಸಾಕು. ಆಸಿಡ್ ಎರಡರಷ್ಟಾದರೆ ಆಗಲೂ ಹೆಚ್ಚುಕಡಿಮೆ ಅರ್ಧ ಸಾಕು. ಈ ಕ್ಷೇತ್ರದವರು ಇದಕ್ಕೆ ಒಂದು ಸೂತ್ರ ಬಳಸುತ್ತಾರೆ: ಬಿಸಿಯಿಂದ 100 ಕಳೆದು 14.75ರಿಂದ ಭಾಗಿಸಿ, ಬಂದದ್ದನ್ನು ಇ (e, 2.718) ಎಂಬ ಸಂಖ್ಯೆಯ ಘಾತವಾಗಿ ಏರಿಸಿ, ನಿಮಿಷಗಳಿಂದ ಗುಣಿಸಿ. ಅದರ ಹತ್ತರ ಲಾಗ್ ತೆಗೆದು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಕಳೆಯಿರಿ. 121 ಡಿಗ್ರಿ, 60 ನಿಮಿಷಕ್ಕೆ ಲಾಗ್ 2.4. ಶೇ. 1ರ ಆಸಿಡ್‌ನ ಪಿಎಚ್ ಸುಮಾರು 0.9. ಕಳೆದರೆ 1.5. ಹೆಮಿಸೆಲ್ಯುಲೋಸ್ ಬಿಡಿಸಲು ಇದು ಹದವಾದ ಅಂಕಿ. ಶೇ. 2ರ ಆಸಿಡ್‌ನಲ್ಲಿ ಅರ್ಧ ಗಂಟೆ ಬೇಯಿಸಿದರೂ ಇದರ ಹತ್ತಿರಕ್ಕೇ ಬರುತ್ತದೆ. ಒತ್ತಡದ ಪಾತ್ರೆಯೇ ಇಲ್ಲದೆ, ಗುಂಡು ಫ್ಲಾಸ್ಕಿಗೆ ಕಂಡೆನ್ಸರ್ ಕೂರಿಸಿ ಬರೀ ಕುದಿತದಲ್ಲಿ ಮಾಡುವುದಾದರೆ ಇದೇ ಅಂಕಿಗೆ ಸುಮಾರು ನಾಲ್ಕು ಗಂಟೆ ಬೇಕು. ಅದೂ ಒಳ್ಳೆಯ ದಾರಿಯೇ. ನಿಧಾನ, ಆದರೆ ಒತ್ತಡದ ಭಯವಿಲ್ಲ, ನಡುನಡುವೆ ಹನಿ ತೆಗೆದು ನೋಡಬಹುದು.

ಸೂತ್ರ ತೋರಿಸುವುದು ಊರಿನ ದಿಕ್ಕನ್ನು ಮಾತ್ರ. ನಿಮ್ಮ ಸಿಪ್ಪೆಗೆ ಹದ ಎಲ್ಲಿದೆ ಎಂದು ಹಿಡಿಯಲು ಐದು ಸಣ್ಣ ಬಾಟಲಿಗಳಲ್ಲಿ 10 ಗ್ರಾಂ ಸಿಪ್ಪೆ, 100 ಮಿಲಿ ಶೇ. 1ರ ಆಸಿಡ್ ಹಾಕಿ 15, 30, 45, 60, 90 ನಿಮಿಷಕ್ಕೆ ಬೇರೆ ಬೇರೆಯಾಗಿ ಬೇಯಿಸಿ. ಒಂದೇ ಕುಕ್ಕರನ್ನು ನಡುವೆ ತೆರೆದು ಮುಚ್ಚಿ ಮಾಡಬಾರದು, ಬಿಸಿಯ ಲೆಕ್ಕವೇ ತಪ್ಪುತ್ತದೆ. ಹೊತ್ತಿಗೆ ಎದುರಾಗಿ ಸಕ್ಕರೆಯ ಗೆರೆ ಎಳೆದರೆ ಮೊದಲು ಏರಿ, ಒಂದು ಕಡೆ ಚಪ್ಪಟೆಯಾಗಿ, ಆಮೇಲೆ ಇಳಿಯುತ್ತದೆ. ನೆತ್ತಿ ಮುಟ್ಟುವ ಸ್ವಲ್ಪ ಮುಂಚೆ ನಿಲ್ಲಿಸುವುದು ಸರಿ ಎಂಬುದು ನಮ್ಮ ಅಭಿಪ್ರಾಯ. ಕೊನೆಯ ಶೇ. 5 ಸಕ್ಕರೆಗಾಗಿ ಇನ್ನರ್ಧ ಗಂಟೆ ಬೇಯಿಸಿದರೆ ಅದರ ಜೊತೆ ಬರುವ ಫರ್ಫ್ಯೂರಾಲನ್ನು ತೆಗೆಯಲು ಎರಡರಷ್ಟು ಕೆಲಸ ಬೀಳುತ್ತದೆ.

ಹೊತ್ತಾದ ಮೇಲೆ ಉರಿ ಆರಿಸಿ, ಒತ್ತಡ ತಾನಾಗಿ ಇಳಿಯಲು ಬಿಡಿ. ವೆಯ್ಟ್ ಎತ್ತಿ ಆವಿ ಬಿಟ್ಟರೆ ಬಾಟಲಿಯೊಳಗಿನ ಆಸಿಡ್ ಒಮ್ಮೆಲೇ ಉಕ್ಕಿ ಕುಕ್ಕರಿಗೆ ಸುರಿಯುತ್ತದೆ.

ಬೆಂದದ್ದನ್ನು ನೋಡುವುದು, ಹಿಂಡುವುದು

ಸರಿಯಾಗಿ ಬೆಂದ ಸಿಪ್ಪೆಯ ನಾರನ್ನು ಕೈಗವಸಿನ ಬೆರಳ ನಡುವೆ ತಿಕ್ಕಿದರೆ ಪುಡಿಪುಡಿಯಾಗುತ್ತದೆ. ಹಸಿಯಾಗಿದ್ದಾಗಿನ ಎಳೆತವೇ ಇರುವುದಿಲ್ಲ. ಮುಚ್ಚಳ ತೆಗೆದಾಗ ವಿನೆಗರಿನ ಹುಳಿ ವಾಸನೆ ಬರುವುದು ಸಹಜ. ಹೆಮಿಸೆಲ್ಯುಲೋಸಿಗೆ ಅಂಟಿಕೊಂಡಿದ್ದ ಅಸಿಟೈಲ್ ಗುಂಪುಗಳು ಕಳಚಿ ಅಸಿಟಿಕ್ ಆಮ್ಲವಾಗಿರುತ್ತವೆ. ಅದರ ಮೇಲೆ ಬಾದಾಮಿಯಂಥ ತೀಕ್ಷ್ಣ ವಾಸನೆ ಎದ್ದರೆ ಫರ್ಫ್ಯೂರಾಲ್, ಅಂದರೆ ಬೆಂದದ್ದು ಹೆಚ್ಚಾಯಿತು. ಬೇಕೆಂದು ಮೂಸಬೇಡಿ, ಅದು ವಿಷ. ಗಾಳಿಯಾಡುವ ಕಡೆ ಅಥವಾ ಹೊಗೆಗೂಡಿನಲ್ಲಿ ತೆರೆದರೂ ಅದು ತಾನಾಗಿ ಗೊತ್ತಾಗುತ್ತದೆ. ರಸ ಕಂದು ಬಿಟ್ಟು ಕಪ್ಪಿಗೆ ತಿರುಗಿ ತಳದಲ್ಲಿ ಕರಿ ಗಸಿ ಕೂತಿದ್ದರೆ ಆ ಸಲದ್ದನ್ನು ಬಿಟ್ಟು, ಹೊತ್ತು ಕಡಿಮೆ ಮಾಡಿ ಮತ್ತೆ ಬೇಯಿಸಿ.

ಸೋಸಲು ಪಾಲಿಯೆಸ್ಟರ್ ಬಟ್ಟೆ ಬಳಸಿ. ಹತ್ತಿ ಪಂಚೆಯ ತುಂಡು ಒಂದೆರಡು ಸಲಕ್ಕೆ ಜೂಲಾಗುತ್ತದೆ. ರಸ ಇಳಿದ ಮೇಲೆ ಚರಟವನ್ನು ಚೆನ್ನಾಗಿ ಹಿಂಡಿ. ಎಷ್ಟು ಹಿಂಡಿದರೂ ಒಣ ತೂಕದ ಎರಡರಷ್ಟು ರಸ ಅದರಲ್ಲೇ ಉಳಿದಿರುತ್ತದೆ. 50 ಗ್ರಾಂ ಸಿಪ್ಪೆಯಿಂದ ಉಳಿದ 35 ಗ್ರಾಂ ಚರಟ 70 ಮಿಲಿ ರಸ ಹಿಡಿದಿಟ್ಟುಕೊಂಡರೆ ಏಳರಲ್ಲಿ ಒಂದು ಪಾಲು ಸಕ್ಕರೆ ಅಲ್ಲೇ ಹೋಯಿತು. ಆದ್ದರಿಂದ 60–70 ಮಿಲಿ ಬಿಸಿ ನೀರು ಎರಡು ಸಲ ಹಾಕಿ ಹಿಂಡಿ, ಆ ನೀರನ್ನೂ ರಸಕ್ಕೆ ಸೇರಿಸಿ. ಹೆಚ್ಚು ನೀರು ಹಾಕಿದರೆ ರಸ ತೆಳುವಾಗುತ್ತದೆ, ಮುಂದೆ ಆವಿ ಮಾಡಲು ಉರಿ ದಂಡ. ಒಟ್ಟು ಎಷ್ಟು ಮಿಲಿ ಬಂತು ಎಂದು ಅಳೆದು ಬರೆದಿಡಿ. ಈ ಒಂದು ಅಂಕಿ ಇಲ್ಲದೆ ಇಳುವರಿಯ ಲೆಕ್ಕ ಸಿಗುವುದೇ ಇಲ್ಲ.

ಸುಣ್ಣದಿಂದ ಆಸಿಡ್ ಮುರಿಯುವುದು

ಆಸಿಡ್ ಈ ಕೆಲಸದಲ್ಲಿ ಖರ್ಚಾಗುವುದಿಲ್ಲ. ಕೊಂಡಿ ಕಳಚಿ ತಾನು ಹಾಗೇ ಉಳಿಯುತ್ತದೆ. ಹಾಕಿದ 5 ಗ್ರಾಂ ಗಂಧಕಾಮ್ಲವನ್ನು ಮುರಿಯಲು ಶುದ್ಧ ಅರಳಿದ ಸುಣ್ಣವಾದರೆ 3.8 ಗ್ರಾಂ, ಸುಣ್ಣಕಲ್ಲಿನ ಪುಡಿಯಾದರೆ 5.1 ಗ್ರಾಂ ಬೇಕು. ಕಾಸ್ಟಿಕ್ ಸೋಡಾದಿಂದಲೂ ಆಗುತ್ತದೆ. ಆದರೆ ಅದರಿಂದಾಗುವ ಉಪ್ಪು ರಸದಲ್ಲೇ ಕರಗಿ ಉಳಿಯುತ್ತದೆ. ಸುಣ್ಣದ ಗುಣ ಏನೆಂದರೆ, ಆಸಿಡ್ ಜೊತೆ ಸೇರಿ ಜಿಪ್ಸಮ್ ಆಗಿ ತಳಕ್ಕೆ ಇಳಿಯುತ್ತದೆ. ಲೀಟರಿಗೆ ಎರಡು ಗ್ರಾಂ ಆಸುಪಾಸು ಮಾತ್ರ ಕರಗಿರುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಸುಣ್ಣ, ಮೈಲುತುತ್ತ ಕಲಸಿದ ದ್ರಾವಣ) ಹೊಡೆಯುವ ಮನೆಗಳಲ್ಲಿ ಸುಣ್ಣದ ಚೀಲ ಇದ್ದೇ ಇರುತ್ತದೆ. ಕರಾವಳಿಯಲ್ಲಿ ಚಿಪ್ಪಿನ ಸುಣ್ಣವೂ ಸಿಗುತ್ತದೆ. ಎರಡೂ ನಡೆಯುತ್ತವೆ, ಆದರೆ ಹಳತೋ ಹೊಸತೋ ನೋಡಿ ಬಳಸಿ. ಒಂದು ಚಿಟಿಕೆ ಸುಣ್ಣವನ್ನು ಗಾಜಿನ ಮೇಲಿಟ್ಟು ತೆಳು ಆಸಿಡ್‌ನ ಎರಡು ಹನಿ ಬಿಡಿ. ಸುಮ್ಮನೆ ಕರಗಿ ಬಿಳಿ ಪೇಸ್ಟಾದರೆ ಹೊಸ ಸುಣ್ಣ. ಬುರುಗು ಎದ್ದು ಸುಯ್ ಎಂದರೆ ಗಾಳಿಯ ಇಂಗಾಲಾಮ್ಲ ಹೀರಿ ಮತ್ತೆ ಸುಣ್ಣಕಲ್ಲಾಗಿದೆ. ಅಂಥದ್ದೂ ಆಸಿಡ್ ಮುರಿಯುತ್ತದೆ. ಆದರೆ ನಿಧಾನ, ಬುರುಗು ಉಕ್ಕಿ ಪಾತ್ರೆ ದಾಟುತ್ತದೆ, ಪಿಎಚ್ 10ಕ್ಕೆ ಏರಿಸಲು ಅದರಿಂದ ಆಗುವುದೇ ಇಲ್ಲ. ಮೈಲುತುತ್ತ ಬೆರೆತ ಪಾತ್ರೆಯ ಸುಣ್ಣ ಮಾತ್ರ ಬೇಡ, ತಾಮ್ರ ಯೀಸ್ಟಿಗೆ ವಿಷ.

ಸುಣ್ಣವನ್ನು ನೀರಿನಲ್ಲಿ ಮಜ್ಜಿಗೆ ಹದಕ್ಕೆ ಕಲಸಿ, ರಸ 50 ಡಿಗ್ರಿಯಷ್ಟು ಬಿಸಿ ಇರುವಾಗ ಸ್ವಲ್ಪ ಸ್ವಲ್ಪವೇ ಹಾಕುತ್ತ ಕಲಕಿ. ಲೆಕ್ಕದ ಮುಕ್ಕಾಲು ಪಾಲು ಹಾಕುವ ತನಕ ಪಿಎಚ್ ಕಾಗದ ಕೆಂಪಾಗಿಯೇ ಇರುತ್ತದೆ. ಆಮೇಲೆ ಚಮಚ ಚಮಚಕ್ಕೆ ಜಿಗಿಯುತ್ತದೆ, ಅಲ್ಲಿ ಕೈ ಬಿಗಿಹಿಡಿಯಿರಿ. ಬಣ್ಣದ ರಸದಲ್ಲಿ ಕಾಗದ ಓದುವುದು ಕಷ್ಟ, ಸಾಧ್ಯವಿದ್ದರೆ ಮೀಟರ್ ಬಳಸಿ. 5.5ಕ್ಕೆ ನಿಲ್ಲಿಸಿ, ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿ ಬಸಿದು ಫಿಲ್ಟರ್ ಕಾಗದದಲ್ಲಿ ಸೋಸಿ. ಇಷ್ಟು ಪ್ರಮಾಣಕ್ಕೆ ಎಂಟೊಂಬತ್ತು ಗ್ರಾಂ ಜಿಪ್ಸಮ್ ಹುಟ್ಟುತ್ತದೆ. ಅದೂ ರಸ ಹಿಡಿದಿಟ್ಟುಕೊಳ್ಳುತ್ತದೆ, ಸ್ವಲ್ಪ ನೀರಿನಲ್ಲಿ ತೊಳೆದು ಸೇರಿಸಿ.

ರಸವನ್ನು ಯೀಸ್ಟಿಗೆ ಕೊಡುವ ಯೋಚನೆಯಿದ್ದರೆ ಇನ್ನೊಂದು ಹಂತವಿದೆ. 5.5ಕ್ಕೆ ನಿಲ್ಲದೆ ಸುಣ್ಣದಿಂದ ಪಿಎಚ್ 10ಕ್ಕೆ ಏರಿಸಿ, 50 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಸೋಸಿ, ಆಮೇಲೆ ಆಸಿಡ್‌ನಿಂದ 5.5ಕ್ಕೆ ಇಳಿಸಿ. ಫರ್ಫ್ಯೂರಾಲ್ ಮತ್ತು ಲಿಗ್ನಿನ್‌ನಿಂದ ಬಂದ ಫೀನಾಲ್‌ಗಳು ಸಾಕಷ್ಟು ಕಡಿಮೆಯಾಗುತ್ತವೆ, ಅಸಿಟಿಕ್ ಆಮ್ಲ ಮಾತ್ರ ಹೋಗುವುದಿಲ್ಲ. ಹೊತ್ತು ಹೆಚ್ಚಾದರೆ ಸುಣ್ಣ ಸಕ್ಕರೆಯನ್ನೂ ಕೆಡಿಸುತ್ತದೆ. ಶೇ. 1–2 ಆಕ್ಟಿವೇಟೆಡ್ ಇದ್ದಿಲು ಹಾಕಿ ಅರ್ಧ ಗಂಟೆ ಕಲಕಿದರೂ ಬಣ್ಣ, ಫೀನಾಲ್ ಇಳಿಯುತ್ತವೆ. ಒಲೆಯ ಇದ್ದಿಲಿಗೆ ಆ ಶಕ್ತಿ ಇಲ್ಲ.

ಸಕ್ಕರೆ ಅಳೆಯುವುದು

ಕಬ್ಬಿನ ರಸದ ಸಿಹಿ ಅಳೆಯಲು ಗಾಣದವರು ಬಳಸುವ ಬ್ರಿಕ್ಸ್ ಮೀಟರನ್ನು ಇಲ್ಲಿ ನಂಬಬೇಡಿ. ಆಸಿಡ್, ಉಪ್ಪು, ಒಗರು ಎಲ್ಲವನ್ನೂ ಅದು ಸಕ್ಕರೆ ಎಂದೇ ತೋರಿಸುತ್ತದೆ. ಮನೆಯ ಗ್ಲೂಕೋಮೀಟರ್ ಗ್ಲೂಕೋಸಿಗಾಗಿ ಮಾಡಿದ್ದು. ಪಟ್ಟಿಯಲ್ಲಿ ಯಾವ ಕಿಣ್ವ ಇದೆ ಎನ್ನುವುದರ ಮೇಲೆ ಕ್ಸೈಲೋಸ್ ಕಂಡೀತು, ಕಾಣದಿದ್ದೀತು. ಬೆನೆಡಿಕ್ಟ್ ದ್ರಾವಣ ಸಕ್ಕರೆ ಇದೆಯೋ ಇಲ್ಲವೋ ಹೇಳುತ್ತದೆ. ಐದು ಇಂಗಾಲದ್ದೇ ಹೌದೇ ಎಂದು ನೋಡಲು ಬಿಯಾಲ್ ಪರೀಕ್ಷೆ, ನೀಲಿ ಹಸಿರು ಬಂದರೆ ಐದು ಇಂಗಾಲದ ಸಕ್ಕರೆ ಇದೆ.

ಪ್ರಮಾಣಕ್ಕೆ ಡಿಎನ್‌ಎಸ್ ವಿಧಾನ ಕಾಲೇಜುಗಳಲ್ಲಿ ಸುಲಭ. ಆಸಿಡ್ ಮುರಿದ ರಸವನ್ನೇ ಬಳಸಬೇಕು, ಇಲ್ಲದಿದ್ದರೆ ಡಿಎನ್‌ಎಸ್‌ನ ಕ್ಷಾರವನ್ನು ಆಸಿಡ್ ಕೊಲ್ಲುತ್ತದೆ. ರಸವನ್ನು 20 ಪಟ್ಟು ತೆಳು ಮಾಡಿ, ಒಂದು ಮಿಲಿಗೆ ಒಂದು ಮಿಲಿ ಡಿಎನ್‌ಎಸ್ ಹಾಕಿ, ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು, ತಣಿಸಿ, ನೀರು ಸೇರಿಸಿ 540 ನ್ಯಾನೋಮೀಟರ್‌ನಲ್ಲಿ ಓದಿ. ಹೋಲಿಕೆಯ ಗೆರೆಯನ್ನು ಗ್ಲೂಕೋಸಿನಿಂದಲ್ಲ, ಕ್ಸೈಲೋಸಿನಿಂದ ಎಳೆಯಿರಿ. ಜೊತೆಗೆ ಆಸಿಡ್ ಹಾಕದೆ ಬರೀ ನೀರಿನಲ್ಲಿ ಅಷ್ಟೇ ಹೊತ್ತು ಬೇಯಿಸಿದ ಸಿಪ್ಪೆಯ ಒಂದು ಬಾಟಲಿಯೂ ಇರಲಿ. ಅದರಲ್ಲಿ ಬಂದ ಓದು ಹೆಚ್ಚಾಗಿದ್ದರೆ ಒಗರು ಸರಿಯಾಗಿ ತೊಳೆದಿಲ್ಲ.

ಇಳುವರಿಯ ಲೆಕ್ಕ ಹೀಗೆ. ನಿಮ್ಮ ಸಿಪ್ಪೆಯಲ್ಲಿ ಕ್ಸೈಲಾನ್ ಶೇ. 25 ಎಂದಿಟ್ಟುಕೊಳ್ಳಿ. 50 ಗ್ರಾಂಗೆ 12.5 ಗ್ರಾಂ. ಪ್ರತಿ ಕೊಂಡಿಗೆ ನೀರು ಸೇರುವುದರಿಂದ 1.136ರಿಂದ ಗುಣಿಸಬೇಕು, 14.2 ಗ್ರಾಂ ಕ್ಸೈಲೋಸ್ ಎಂಬುದು ಮೇಲಿನ ಮಿತಿ. ರಸ ಮತ್ತು ತೊಳೆದ ನೀರು ಸೇರಿ 560 ಮಿಲಿ, ಲೀಟರಿಗೆ 19 ಗ್ರಾಂ ಬಂದರೆ ಒಟ್ಟು 10.6 ಗ್ರಾಂ, ಅಂದರೆ ಶೇ. 75. ಇದು ಒಳ್ಳೆಯ ಇಳುವರಿ. ಶೇ. 100 ದಾಟಿದರೆ ಸಂತೋಷಪಡದೆ ಎಲ್ಲಿ ತಪ್ಪಿದೆ ಎಂದು ಹುಡುಕಿ.

ಕ್ಸೈಲಾನ್ ಎಷ್ಟಿದೆ ಎಂದು ತಿಳಿಯಲು ಗಟ್ಟಿ ಆಸಿಡ್‌ನ ಎರಡು ಹಂತದ ಪರೀಕ್ಷೆ ಇದೆ. 300 ಮಿಲಿಗ್ರಾಂ ಒಣ ಪುಡಿಗೆ ಶೇ. 72ರ ಗಂಧಕಾಮ್ಲ 3 ಮಿಲಿ, 30 ಡಿಗ್ರಿಯಲ್ಲಿ ಒಂದು ಗಂಟೆ, ಐದು ಹತ್ತು ನಿಮಿಷಕ್ಕೊಮ್ಮೆ ಗಾಜಿನ ಕಡ್ಡಿಯಿಂದ ಕಲಕುವುದು. ಆಮೇಲೆ 84 ಮಿಲಿ ನೀರು ಸೇರಿಸಿ ಶೇ. 4ಕ್ಕೆ ಇಳಿಸಿ 121 ಡಿಗ್ರಿಯಲ್ಲಿ ಒಂದು ಗಂಟೆ. ಸೆಲ್ಯುಲೋಸ್ ಸಹ ಪೂರ್ತಿ ಒಡೆಯುತ್ತದೆ. ಕರಗದೆ ಉಳಿದದ್ದನ್ನು ತೊಳೆದು ಒಣಗಿಸಿ ತೂಗಿ, ಬೂದಿ ಕಳೆದರೆ ಲಿಗ್ನಿನ್. ಗ್ಲೂಕೋಸ್, ಕ್ಸೈಲೋಸ್ ಬೇರೆ ಬೇರೆ ಓದಲು ಎಚ್‌ಪಿಎಲ್‌ಸಿ (ದ್ರಾವಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಬೇಕು. ಇದು ಅಳೆಯುವ ಕ್ರಮ ಅಷ್ಟೇ. ದೊಡ್ಡದಾಗಿ ಮಾಡಲು ಹೋದರೆ ಅಷ್ಟು ಆಸಿಡ್ ಮುರಿಯುವುದರಲ್ಲೇ ಸುಣ್ಣದ ಗುಡ್ಡೆ ಕರಗುತ್ತದೆ.

ಇಳುವರಿ ಕಡಿಮೆ ಬಂದು ರಸದ ಬಣ್ಣವೂ ತೆಳುವಾಗಿದ್ದರೆ ಬೇಯಿಸಿದ್ದು ಸಾಲದು. ಬೇಯಿಸಿದ ಮೇಲೆ, ಸುಣ್ಣಕ್ಕೆ ಮೊದಲು, ಪಿಎಚ್ ನೋಡಿ. 1ರ ಬದಲು 1.5 ಇದ್ದರೆ ಸಿಪ್ಪೆಯ ಬೂದಿ ಅಥವಾ ಮಣ್ಣು ಆಸಿಡ್ ತಿಂದಿದೆ. ಭತ್ತದ ಹುಲ್ಲಿಗೆ ಶೇ. 1ರ ಬದಲು 1.5 ಹಾಕಬೇಕಾಗುವುದೂ ಇದೇ ಕಾರಣಕ್ಕೆ. ಇಳುವರಿ ಕಡಿಮೆ, ಬಣ್ಣ ಮಾತ್ರ ಗಾಢ ಎಂದರೆ ಸಕ್ಕರೆ ಹುಟ್ಟಿ ಸತ್ತಿದೆ, ಹೊತ್ತು ಇಳಿಸಿ.

ಉಳಿದ ಚರಟ, ಮತ್ತು ರಸ ಇಡುವುದು

ಚರಟವನ್ನು ನೀರಿನ ಪಿಎಚ್ 5 ದಾಟುವ ತನಕ ತೊಳೆಯಿರಿ. ತೊಳೆಯದೆ ಒಣಗಿಸಿದರೆ ಒಳಗಿನ ಆಸಿಡ್ ಗಟ್ಟಿಯಾಗಿ ನಾರು ಕಪ್ಪಗೆ ಸೀಯುತ್ತದೆ. ತೊಳೆದ ಚರಟದ ಸೆಲ್ಯುಲೋಸ್ ಈಗ ಬಿಚ್ಚಿಕೊಂಡಿರುವುದರಿಂದ ಸೆಲ್ಯುಲೇಸ್ ಕಿಣ್ವ ಒಳಗೆ ಹೋಗಬಲ್ಲದು. ಪಿಎಚ್ 4.8–5, 50 ಡಿಗ್ರಿಯಲ್ಲಿ ಒಂದೆರಡು ದಿನ ಇಟ್ಟರೆ ಗ್ಲೂಕೋಸ್ ಬಿಡುತ್ತದೆ. ಅದಕ್ಕೆ ಒಣಗಿಸದ, ಹಸಿ ಚರಟವೇ ಲೇಸು. ಕಿಣ್ವ ಇಲ್ಲದಿದ್ದರೆ ಗೊಬ್ಬರದ ಗುಂಡಿಗೆ ಹಾಕಿ. ಜಿಪ್ಸಮ್ಮೂ ಪಿಎಚ್ 6–7 ಇದ್ದರೆ ಅಲ್ಲಿಗೇ ಹೋಗಲಿ. ಆಸಿಡ್ ಮುರಿಯದ ತೊಳೆದ ನೀರನ್ನು ತೋಟದ ಬಸಿಗಾಲುವೆಗೋ ಹಳ್ಳಕ್ಕೋ ಬಿಡಬಾರದು.

ಬ್ರೆಡ್ಡಿನ ಯೀಸ್ಟ್ ಗ್ಲೂಕೋಸ್ ತಿನ್ನುತ್ತದೆ, ಕ್ಸೈಲೋಸ್ ಮುಟ್ಟುವುದಿಲ್ಲ. ಕ್ಸೈಲೋಸಿನಿಂದ ಕ್ಸೈಲಿಟಾಲ್ ಎಂಬ ಸಿಹಿಕಾರಕ ಮಾಡಿಸಲು ಕ್ಯಾಂಡಿಡಾ ಟ್ರಾಪಿಕಾಲಿಸ್, ಎಥನಾಲ್ ಮಾಡಿಸಲು ಷೆಫರ್ಸೊಮೈಸಿಸ್ ಸ್ಟಿಪಿಟಿಸ್ ಎಂಬ ಯೀಸ್ಟುಗಳಿವೆ. ಕ್ಯಾಂಡಿಡಾ ರೋಗ ತರಬಲ್ಲದು, ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಮಾತ್ರ ಕೈಹಾಕಬೇಕು. ಹುದುಗಿಸಿ ಭಟ್ಟಿ ಇಳಿಸುವುದಕ್ಕೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಬೇಕು. ಈ ರಸ ಮನುಷ್ಯರೂ ದನಗಳೂ ಕುಡಿಯುವಂಥದ್ದಲ್ಲ. ಫರ್ಫ್ಯೂರಾಲ್, ಫೀನಾಲ್‌ಗಳು ಅದರಲ್ಲಿ ಉಳಿದೇ ಇರುತ್ತವೆ.

ಸುಣ್ಣ ಹಾಕಿದ ರಸ ಕಾರವಾರದ ಸೆಕೆಯಲ್ಲಿ ಎರಡೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಕೂಡಲೇ ಬಳಸದಿದ್ದರೆ ಆಸಿಡ್ ಇರುವಾಗಲೇ, ಸೋಸಿದ ಹಾಗೇ, ಗಾಜಿನ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯದ ಫ್ರಿಜ್‌ನಲ್ಲಿಡಿ. ಬಳಸುವ ದಿನ ಮುರಿಯಿರಿ. ಬಾಟಲಿಯ ಮೇಲೆ ಆಸಿಡ್ ಎಷ್ಟು ಪರ್ಸೆಂಟ್, ಎಷ್ಟು ನಿಮಿಷ ಬೇಯಿಸಿದ್ದು, ಯಾವ ತಾರೀಕು, ಯಾವ ಸಿಪ್ಪೆ ಎಂದು ಅಳಿಸದ ಶಾಯಿಯಲ್ಲಿ ಬರೆದು, ಕುಡಿಯಬಾರದು ಎಂದೂ ದಪ್ಪಕ್ಷರದಲ್ಲಿ ಬರೆಯಿರಿ.